ಪುಣೆಯ ಜಪಾನೀ ಹೋಟೆಲಲ್ಲಿ ಕೂತು ಉಡುಪಿ ಹೋಟೆಲಿನ ಲೆಕ್ಕ

ಇವತ್ತು ಊಟದ ವಿಷಯ. ಆದರೆ ಯಾವ ಹೋಟೆಲು ಚೆನ್ನಾಗಿದೆ, ಇಬ್ಬರಿಗೆ ಎಷ್ಟು ಬಿಲ್ ಆಗುತ್ತೆ ಅಂತ ಹೇಳೋ ವಿಡಿಯೋ ಅಲ್ಲ ಇದು. ಅದಕ್ಕೆ ಬೇಕಾದಷ್ಟು ಚಾನೆಲ್‌ಗಳಿವೆ. ನನ್ನ ಪ್ರಶ್ನೆ ಚರಿತ್ರೆಗೆ ಸೇರಿದ್ದು. ಊರು ಬಿಟ್ಟು ಬಂದವರು ಇನ್ನೊಂದು ಊರಲ್ಲಿ ತಮ್ಮ ಕಡೆಯ ಊಟದ ಹೋಟೆಲು ಹಾಕ್ತಾರೆ. ಐವತ್ತು ಅರವತ್ತು ವರ್ಷ ಕಳೆದ ಮೇಲೆ ಆ ಹೋಟೆಲಲ್ಲಿ ಅವರದ್ದು ಅಂತ ಏನು ಉಳಿದಿರುತ್ತೆ? ರುಚಿಯಾ, ಹೆಸರಾ, ಭಾಷೆಯಾ?

ಪುಣೆಯಲ್ಲಿರೋ ನಮಗೆ ಈ ಪ್ರಶ್ನೆ ಹತ್ತಿರದ್ದು. ಯಾಕಂದ್ರೆ ಈ ಊರಲ್ಲಿ ನಮ್ಮ ಹಿರಿಯರು ಹೋಟೆಲು ಹಾಕಿ ಮೂರು ತಲೆಮಾರು ಆಯ್ತು. ಈಗ ಅದೇ ಊರಲ್ಲಿ ಜಪಾನೀ ಊಟದ ಜಾಗಗಳು ಬಂದಿವೆ. ಒಂದನ್ನು ನೋಡಿದ್ರೆ ಇನ್ನೊಂದು ಸರಿಯಾಗಿ ಅರ್ಥ ಆಗುತ್ತೆ ಅನ್ನೋದು ನನ್ನ ಅನುಭವ.

ಶುಕ್ರವಾರ ರಾತ್ರಿ ಅಲ್ಲಿ ಯಾರಿರ್ತಾರೆ?

ಪುಣೆಯ ಜಪಾನೀ ಊಟದಲ್ಲಿ ಎರಡು ಥರ. ಒಂದು, ದೊಡ್ಡ ಹೋಟೆಲುಗಳ ಒಳಗಿನದ್ದು, ಮಾತಾಡೋಕೂ ಸಂಕೋಚ ಆಗುವಷ್ಟು ನಿಶ್ಶಬ್ದ. ಇನ್ನೊಂದು ಏರಿಯಾದ ಒಳಗೆ, ಬೇಕರಿ ಪಕ್ಕ, ಮೆಡಿಕಲ್ ಶಾಪ್ ಮೇಲೆ ಇರೋ ಚಿಕ್ಕ ಜಾಗ. ನಾನು ಹೋಗೋದು ಎರಡನೇ ಥರದ್ದಕ್ಕೆ.

ಶುಕ್ರವಾರ ರಾತ್ರಿ ಎಂಟೂವರೆ ಮೇಲೆ ಹೋದರೆ ಗದ್ದಲವೋ ಗದ್ದಲ. ಬಾಗಿಲು ತೆಗೆದ ತಕ್ಷಣ ಒಳಗಿಂದ ನಾಲ್ಕೈದು ಜನ ಒಟ್ಟಿಗೆ 'ಇರಾಶ್ಶೈಮಾಸೆ' ಅಂತ ಕೂಗ್ತಾರೆ. ಬನ್ನಿ ಬನ್ನಿ ಅಂತ ಅರ್ಥ. ಒಂದು ಮೂಲೆಯಲ್ಲಿ ಚಾಕಣ್ ಕಡೆಯ ಕಾರ್ಖಾನೆಯಿಂದ ಬಂದ ನಾಲ್ಕು ಜನ ಜಪಾನಿನವರು, ಕೈಯಲ್ಲಿ ಬಿಯರು, ಅಂಗಿಯ ತೋಳು ಮೇಲಕ್ಕೆ ಮಡಚಿದೆ. ಪಕ್ಕದ ಟೇಬಲ್ಲಿನ ಕಾಲೇಜು ಹುಡುಗಿಯರಿಗೆ ಜಪಾನೀ ಕಾರ್ಟೂನುಗಳ ಹುಚ್ಚು, ಮೆನು ನೋಡಿ ಒಂದೊಂದು ಹೆಸರನ್ನೂ ಸರಿಯಾಗಿ ಉಚ್ಚರಿಸ್ತಾರೆ. ಇನ್ನೊಂದು ಟೇಬಲ್ಲಿನಲ್ಲಿ ಸದಾಶಿವ ಪೇಟೆಯ ಕಡೆಯ ಅಜ್ಜ ಅಜ್ಜಿ, ಮೊಮ್ಮಗನ ಬರ್ತ್‌ಡೇ ಅಂತ ಬಂದವರು, ಚಾಪ್‌ಸ್ಟಿಕ್ ಬದಿಗಿಟ್ಟು ಚಮಚ ಕೇಳ್ತಿದ್ದಾರೆ. ನಡುವೆ ನಮ್ಮಂಥವರು, ಹಿಂಜವಡಿಯಿಂದ ಒಂದೂವರೆ ಗಂಟೆ ಟ್ರಾಫಿಕ್ಕಲ್ಲಿ ನರಳಿ ಬಂದವರು.

ಒಳಗೆ ಕೌಂಟರಿನ ಹಿಂದೆ ಅನ್ನ ಅದುಮುತ್ತಾ ನಿಂತಿರೋರನ್ನು ಮಾತಾಡಿಸಿದ್ದೀನಿ. ಒಬ್ಬ ಮಣಿಪುರದವನು, ಇನ್ನೊಬ್ಬ ನೇಪಾಳದವನು. ಇವರಿಬ್ಬರನ್ನು ನೆನಪಲ್ಲಿಟ್ಟುಕೊಳ್ಳಿ, ಕೊನೆಯಲ್ಲಿ ಮತ್ತೆ ಬೇಕಾಗ್ತಾರೆ.

ಗಂಡಸರೇ ತುಂಬಿದ್ದ ಊರು

ಇಂಥ ಗದ್ದಲದ ಹೋಟೆಲಿಗೆ ಜಪಾನಿನಲ್ಲಿ 'ಇಜಕಾಯಾ' ಅಂತಾರೆ. ಕೂತು ಸಾಕೆ ಕುಡಿಯೋ ಅಂಗಡಿ ಅಂತ ಪದದ ಅರ್ಥ. ಅದರ ಹುಟ್ಟು ಎದೋ ಊರಲ್ಲಿ. ಎದೋ ಅಂದ್ರೆ ಇವತ್ತಿನ ಟೋಕಿಯೋ.

1600ರ ದಶಕದ ಆರಂಭದಲ್ಲಿ ತೊಕುಗಾವಾ ಮನೆತನ ಅಲ್ಲಿಂದ ಆಳೋಕೆ ಶುರು ಮಾಡಿತು. ಸಾಮಂತರು ತಲೆ ಎತ್ತಬಾರದು ಅಂತ 1635ರಲ್ಲಿ ಒಂದು ಕಟ್ಟಳೆ ಬಂತು: ಪ್ರತಿಯೊಬ್ಬ ಸಾಮಂತನೂ ಒಂದು ವರ್ಷ ತನ್ನ ಸೀಮೆಯಲ್ಲಿ, ಮುಂದಿನ ವರ್ಷ ಎದೋದಲ್ಲಿ ಇರಬೇಕು. ಸಾಮಂತ ಒಬ್ಬನೇ ಬರ್ತಾನಾ? ನೂರಾರು ಜನ ಸಮುರಾಯಿಗಳ ದಂಡು ಜೊತೆಗೆ. ಅವರಲ್ಲಿ ಹೆಚ್ಚಿನವರು ಹೆಂಡತಿ ಮಕ್ಕಳನ್ನು ಊರಲ್ಲೇ ಬಿಟ್ಟು ಬಂದವರು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಒಂದು ವರ್ಷದ ಆನ್‌ಸೈಟು.

ಇದರ ಮೇಲೆ 1657ರಲ್ಲಿ ದೊಡ್ಡ ಬೆಂಕಿ ಬಿದ್ದು ಊರಿನ ಬಹುಭಾಗ ಸುಟ್ಟುಹೋಯ್ತು. ಮತ್ತೆ ಕಟ್ಟೋಕೆ ಬಡಗಿಗಳು, ಗಾರೆಯವರು, ಕೂಲಿಯವರು ಸುತ್ತಲಿನ ಹಳ್ಳಿಗಳಿಂದ ಹರಿದು ಬಂದರು. ಅವರೂ ಒಂಟಿ ಗಂಡಸರು. 1721ರ ಜನಗಣತಿಯಲ್ಲಿ ಎದೋದ ಸಾಮಾನ್ಯ ಪೇಟೆಯ ಜನ ಸುಮಾರು 5 ಲಕ್ಷ. ಅದರಲ್ಲಿ ಗಂಡಸರು 3 ಲಕ್ಷ 20 ಸಾವಿರಕ್ಕೂ ಮೇಲೆ, ಹೆಂಗಸರು 1 ಲಕ್ಷ 80 ಸಾವಿರದ ಹತ್ತಿರ. ಸಮುರಾಯಿಗಳು ಈ ಲೆಕ್ಕಕ್ಕೆ ಸೇರಿಲ್ಲ.

ಇಷ್ಟು ಗಂಡಸರು ಒಂದೂರಲ್ಲಿ. ಬಾಡಿಗೆ ಕೋಣೆಗಳು ಉದ್ದನೆಯ ವಠಾರಗಳಲ್ಲಿ, ಒಬ್ಬೊಬ್ಬನಿಗೆ ಒಂದು ಗೂಡಿನಷ್ಟು ಜಾಗ. ಮನೆಗಳು ಮರ ಮತ್ತು ಕಾಗದದವು, ಬೆಂಕಿಯ ಭಯ ಬೇರೆ. ಅಡುಗೆ ಎಲ್ಲಿ ಮಾಡ್ಕೋತಾರೆ? ಹಾಗಾಗಿ ಬೀದಿಯಲ್ಲೇ ಊಟ ಹುಟ್ಟಿತು. ಸೋಬಾ ಶ್ಯಾವಿಗೆ, ಕರಿದ ತೆಂಪುರಾ, ಕೋಲಿಗೆ ಚುಚ್ಚಿ ಸುಟ್ಟ ತೋಫು, ಎಲ್ಲ ಗಾಡಿಗಳ ಮೇಲೆ. ಸಾಕೆ ಮಾರೋ ಅಂಗಡಿಯವರು ಕೂತು ಕುಡಿಯೋಕೆ ಜಾಗ ಕೊಟ್ಟು, ಜೊತೆಗೆ ನಂಚಿಕೊಳ್ಳೋಕೆ ಏನಾದರೂ ಇಟ್ಟರು. ಇಜಕಾಯಾ ಬೆಳೆದದ್ದು ಹೀಗೆ. ನಾವು ಸುಶಿ ಅಂತ ಇವತ್ತು ತಿನ್ನೋ, ಅನ್ನದ ಉಂಡೆ ಮೇಲೆ ಮೀನಿನ ತುಂಡು ಇಡೋ ರೂಪ ಕೂಡ 1820ರ ದಶಕದ ಎದೋದ್ದು. ಹನಾಯಾ ಯೊಹೇ ಅನ್ನೋ ಅಂಗಡಿಕಾರನ ಹೆಸರು ಅದಕ್ಕೆ ಅಂಟಿಕೊಂಡಿದೆ. ಕೆಲಸಕ್ಕೆ ಓಡೋನು ನಿಂತಲ್ಲೇ ಎರಡು ತಿಂದು ಹೋಗೋ ತಿಂಡಿ ಅದು. ಇವತ್ತು ಅದಕ್ಕೆ ಹತ್ತಿ ಬಟ್ಟೆ, ಕಪ್ಪು ತಟ್ಟೆ, ಎರಡು ಸಾವಿರ ರೂಪಾಯಿ ಬಿಲ್ಲು ಸೇರಿದೆ ಅಷ್ಟೇ.

ಈಗ ಎದೋ ಪಕ್ಕಕ್ಕಿಟ್ಟು ನಮ್ಮ ಕಡೆ ನೋಡಿ. ಉತ್ತರ ಕರ್ನಾಟಕದಲ್ಲೂ ಮಹಾರಾಷ್ಟ್ರದಲ್ಲೂ ಖಾನಾವಳಿ ಅನ್ನೋ ಪದ ಒಂದೇ. ಓದೋಕೆ ಬಂದ ಹುಡುಗರು, ನೌಕರಿಗೆ ಬಂದ ಒಂಟಿ ಗಂಡಸರು, ತಿಂಗಳ ಲೆಕ್ಕ ಬರೆಸಿ ಉಣ್ಣೋ ಜಾಗ. ಮುಂಬೈ ಮಾಟುಂಗಾದಲ್ಲಿ ಎ. ರಾಮ ನಾಯಕರು 1942ರಲ್ಲಿ ಶುರು ಮಾಡಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಹೆಸರಲ್ಲೇ ನೋಡಿ, ಬೋರ್ಡಿಂಗ್ ಅಂತಿದೆ. ಮನೆ ಊಟ ಬಿಟ್ಟು ಬಂದವನಿಗೆ ದಿನಕ್ಕೆರಡು ಹೊತ್ತು ಅನ್ನ ಸಾರು ಹಾಕೋ ವ್ಯವಸ್ಥೆ. ಎದೋಗೂ ಮಾಟುಂಗಾಕ್ಕೂ ಯಾವ ಸಂಪರ್ಕವೂ ಇರಲಿಲ್ಲ. ಆದರೂ ಎರಡೂ ಕಡೆ ಮೊದಲ ಗಿರಾಕಿ ಒಬ್ಬನೇ: ಕೆಲಸಕ್ಕೆ ಅಂತ ಬಂದು, ಸಂಜೆ ಆದ ಮೇಲೆ ಎಲ್ಲಿ ಹೋಗಬೇಕು ಗೊತ್ತಾಗದ ಗಂಡಸು.

ಮೆನು ಅನ್ನೋ ನಕಾಶೆ

ಅಪ್ಪಟ ಜಪಾನೀ ಊಟ ಬೇಕು ಅನ್ನೋರು ಬಹಳ. ಪನೀರ್ ತೆಂಪುರಾ ನೋಡಿ ಮೂಗು ಮುರೀತಾರೆ. ಒಂದು ನಿಮಿಷ, ಆ ಮೆನುವನ್ನೇ ಸ್ವಲ್ಪ ಓದೋಣ.

ತೆಂಪುರಾ: ತರಕಾರಿ, ಸಿಗಡಿಯನ್ನು ಹಿಟ್ಟಲ್ಲಿ ಅದ್ದಿ ಕರಿಯೋದು. ಇದು ಪೋರ್ಚುಗೀಸರಿಂದ ಬಂದದ್ದು. ಅವರು ಜಪಾನಿಗೆ ಕಾಲಿಟ್ಟಿದ್ದು 1543ರಲ್ಲಿ. 1571ರಿಂದ ನಾಗಸಾಕಿ ಬಂದರಿಗೆ ಅವರ ಹಡಗುಗಳು ಬರ್ತಿದ್ದವು. ಎಲ್ಲಿಂದ? ಗೋವಾದಿಂದ ಹೊರಟು ಮಲಕ್ಕಾ, ಮಕಾವು ದಾಟಿ. ಆ ಗೋವಾವನ್ನು ಅವರು 1510ರಲ್ಲಿ ಕಿತ್ತುಕೊಂಡದ್ದು ನಮ್ಮ ವಿಜಯಪುರದ ಆದಿಲಶಾಹಿಗಳಿಂದ. ಅದೇ ಪೋರ್ಚುಗೀಸರು ನಮ್ಮ ಕಡೆಗೆ ಮೆಣಸಿನಕಾಯಿ ತಂದರು. ಅದಕ್ಕೂ ಮುಂಚೆ ನಮ್ಮಲ್ಲಿ ಖಾರ ಅಂದ್ರೆ ಕಾಳುಮೆಣಸು. ಅಂದ್ರೆ ಬ್ಯಾಡಗಿ ಮೆಣಸಿನಕಾಯಿಗೂ ಜಪಾನಿನ ತೆಂಪುರಾಕ್ಕೂ ದಾರಿ ಹಾಕಿಕೊಟ್ಟಿದ್ದು ಒಂದೇ ಹಡಗಿನವರು. ಮಸಾಲೆದೋಸೆಯ ಒಳಗಿನ ಆಲೂಗಡ್ಡೆಯೂ ಯುರೋಪಿನವರ ಹಡಗಲ್ಲೇ ಬಂದದ್ದು.

ರಾಮೆನ್: ಚೀನಾದ ಶ್ಯಾವಿಗೆ. ಟೋಕಿಯೋದ ಅಸಾಕುಸಾದಲ್ಲಿ 1910ರಲ್ಲಿ ತೆರೆದ ರಾಯ್‌ರಾಯ್‌ಕೆನ್ ಅನ್ನೋ ಹೋಟೆಲು ಅದನ್ನು ಜನಪ್ರಿಯ ಮಾಡಿತು. ಯಜಮಾನ ಜಪಾನಿನವನು, ಅಡುಗೆಯವರು ಯೊಕೊಹಾಮಾದಲ್ಲಿದ್ದ ಚೀನೀಯರು.

ಕರೇ ರೈಸು: ಇದು ನಮ್ಮಲ್ಲಿಂದಲೇ ಹೋದದ್ದು, ಆದರೆ ನೇರ ಹೋಗಲಿಲ್ಲ. ಇಂಗ್ಲಿಷರು ನಮ್ಮ ಸಾರು ಪಲ್ಯ ಹುಳಿ ಎಲ್ಲಕ್ಕೂ ಸೇರಿಸಿ 'ಕರಿ' ಅಂತ ಒಂದು ಹೆಸರಿಟ್ಟು, ಡಬ್ಬಿಯಲ್ಲಿ ಪುಡಿ ತುಂಬಿ ಮಾರಿದರು. 1872ರಲ್ಲಿ ಟೋಕಿಯೋದಲ್ಲಿ ಅಚ್ಚಾದ ಪಾಶ್ಚಾತ್ಯ ಅಡುಗೆ ಪುಸ್ತಕಗಳಲ್ಲಿ ಅದರ ವಿಧಾನ ಇದೆ. ಪಾಶ್ಚಾತ್ಯ ಅಡುಗೆ ಅಂತ! ಜಪಾನಿನ ನೌಕಾಪಡೆ ಅದನ್ನು ಗೋಧಿಹಿಟ್ಟು ಹಾಕಿ ಗಟ್ಟಿ ಮಾಡಿ ತನ್ನದಾಗಿಸಿಕೊಂಡಿತು. ಬರೀ ಪಾಲಿಶ್ ಅಕ್ಕಿ ತಿಂದು ನಾವಿಕರಿಗೆ ಬೆರಿಬೆರಿ ಬರ್ತಿದ್ದ ಕಾಲ ಅದು. ಈಗಲೂ ಅಲ್ಲಿನ ನೌಕಾಪಡೆಯಲ್ಲಿ ಶುಕ್ರವಾರ ಅಂದ್ರೆ ಕರಿ ದಿನ.

ಇದೇ ಊಟ ನೂರೈವತ್ತು ವರ್ಷ ಸುತ್ತಿ ಈಗ ವಾಪಸ್ ಬಂದಿದೆ. ಕೋಕೋ ಇಚಿಬಾನ್ಯಾ ಅನ್ನೋ ಜಪಾನಿನ ದೊಡ್ಡ ಕರಿ ಸರಪಳಿ 2020ರ ಆಗಸ್ಟಿನಲ್ಲಿ ಗುರುಗ್ರಾಮದಲ್ಲಿ ಮೊದಲ ಹೋಟೆಲು ತೆರೆಯಿತು. ಪುಣೆಯ ಟೇಬಲ್ಲಿನಲ್ಲೂ ಕತ್ಸು ಕರಿ ತಿಂದು, 'ಇದೇನು ಜುಣಕಕ್ಕೆ ಬೆಲ್ಲ ಹಾಕಿದಂಗಿದೆಯಲ್ಲ' ಅಂದ ನನ್ನ ಗೆಳೆಯ ಒಬ್ಬನಿದ್ದಾನೆ, ಗದಗಿನವನು.

ಶಾಕಾಹಾರಿಗಳಿಗೆ ಒಂದು ಮಾತು. ಮಿಸೋ ಸಾರು ನೋಡೋಕೆ ನಿರಪಾಯ, ಆದರೆ ನಮ್ಮ ಸಾರಿಗೆ ಬೇಳೆಕಟ್ಟು ಹೇಗೋ ಹಾಗೆ ಅವರಿಗೆ 'ದಾಶಿ' ಅನ್ನೋ ತಿಳಿ ಬೇಕು. ಅದನ್ನು ಸಾಮಾನ್ಯವಾಗಿ ಒಣಗಿಸಿ ಹೊಗೆ ಹಾಕಿದ ಮೀನಿನ ಪದರಗಳಿಂದ ತೆಗೀತಾರೆ. ಕೊಂಬು ಅನ್ನೋ ಕಡಲಪಾಚಿಯಿಂದಲೂ ತೆಗೆಯಬಹುದು. ಬೌದ್ಧ ಮಠಗಳ ಶೋಜಿನ್ ಅಡುಗೆಯಲ್ಲಿ ಅದೇ. ಕೇಳಿ ಆರ್ಡರ್ ಮಾಡಿ, ಏರಿಯಾದ ಹೋಟೆಲಲ್ಲಿ ಕೇಳಿದ್ರೆ ಯಾರೂ ಬೇಜಾರು ಮಾಡ್ಕೊಳ್ಳಲ್ಲ.

ಅಪ್ಪಟ ಅನ್ನೋ ವಾದ ಇಲ್ಲಿಗೆ ಮುಗೀತು. ಊರೂರು ದಾಟಿದ ಪ್ರತಿ ಊಟವೂ ಬದಲಾಗಿದೆ. ಬದಲಾಗಿದ್ದಕ್ಕೇ ಉಳಿದಿದೆ. ಆದರೆ ಬದಲಾಗುವಾಗ ತಂದವನ ಹೆಸರು ಏನಾಗುತ್ತೆ?

ಹೆಸರು ಉಳಿಸಿಕೊಂಡ ಒಬ್ಬ

1912ರ ಡಿಸೆಂಬರ್ 23ರಂದು ದೆಹಲಿಯ ಚಾಂದನಿ ಚೌಕದಲ್ಲಿ ವೈಸರಾಯ್ ಹಾರ್ಡಿಂಜ್ ಮೇಲೆ ಬಾಂಬು ಬಿತ್ತು. ಅದರ ಹಿಂದಿದ್ದವರಲ್ಲಿ ಮುಖ್ಯ ರಾಸ್ ಬಿಹಾರಿ ಬೋಸ್. ಪೊಲೀಸರು ಬೆನ್ನುಹತ್ತಿದಾಗ 1915ರಲ್ಲಿ, ರವೀಂದ್ರನಾಥ ಟ್ಯಾಗೋರರ ಸಂಬಂಧಿ ಅಂತ ಹೇಳಿಕೊಂಡು ಜಪಾನಿಗೆ ದಾಟಿದರು. ಬ್ರಿಟಿಷರ ಒತ್ತಡಕ್ಕೆ ಜಪಾನ್ ಸರಕಾರ ಗಡೀಪಾರು ಆಜ್ಞೆ ಹೊರಡಿಸಿದಾಗ ಅವರನ್ನು ಬಚ್ಚಿಟ್ಟಿದ್ದು ಟೋಕಿಯೋದ ಶಿಂಜುಕುವಿನ ಒಂದು ಬೇಕರಿ, ಹೆಸರು ನಾಕಾಮುರಾಯಾ. ಮುಂದೆ ಆ ಮನೆಯ ಮಗಳು ತೊಶಿಕೋಳನ್ನೇ 1918ರಲ್ಲಿ ಮದುವೆಯಾದರು. ಆಕೆ 1925ರಲ್ಲಿ ತೀರಿಕೊಂಡಳು.

1927ರಲ್ಲಿ ನಾಕಾಮುರಾಯಾ ಹೋಟೆಲು ತೆರೆದಾಗ ಬೋಸ್ ತಮ್ಮ ಮಾವನಿಗೆ ಹೇಳಿದ್ದು, ಇಲ್ಲಿ ಭಾರತದ ನಿಜವಾದ ಕರಿ ಬಡಿಸೋಣ ಅಂತ. ಇಂಗ್ಲಿಷರ ಪುಡಿಯ, ಹಿಟ್ಟು ಹಾಕಿ ಗಟ್ಟಿ ಮಾಡಿದ ಕರಿ ಅವರಿಗೆ ಹಿಡಿಸಿರಲಿಲ್ಲ. ಹೊರಗೆ ಒಂದು ತಟ್ಟೆ ಕರಿ 10–12 ಸೆನ್‌ಗೆ ಸಿಗ್ತಿದ್ದ ಕಾಲದಲ್ಲಿ ಇವರದ್ದು 80 ಸೆನ್. ಆದರೂ ಜನ ಬಂದರು. ಬೋಸ್ 1945ರ ಜನವರಿಯಲ್ಲಿ, ಸ್ವಾತಂತ್ರ್ಯ ನೋಡದೆ, ಟೋಕಿಯೋದಲ್ಲೇ ತೀರಿಕೊಂಡರು. ಆ ಕರಿ ಇವತ್ತಿಗೂ ಅಲ್ಲಿ ಸಿಗುತ್ತೆ, ಬೋಸರ ಕಥೆಯ ಜೊತೆಗೇ ಸಿಗುತ್ತೆ. ಯುದ್ಧ ಮುಗಿದ ಮೇಲೆ 1949ರಲ್ಲಿ ಇನ್ನೊಬ್ಬ ಕ್ರಾಂತಿಕಾರಿ, ತಿರುವನಂತಪುರದ ಎ. ಎಂ. ನಾಯರ್, ಗಿಂಜಾದಲ್ಲಿ ತಮ್ಮದೇ ಹೆಸರಿನ ಹೋಟೆಲು ತೆರೆದರು. ಅದೂ ನಡೀತಿದೆ.

ಇವರಿಬ್ಬರೂ ಊಟದ ಜೊತೆ ತಮ್ಮ ಹೆಸರನ್ನೂ ಟೇಬಲ್ ಮೇಲಿಟ್ಟರು. ಪುಣೆಯ ನಮ್ಮವರು ಏನು ಮಾಡಿದರು ನೋಡೋಣ. ಅದಕ್ಕೆ ಮುಂಚೆ ಜಪಾನು ಪುಣೆಗೆ ಹೇಗೆ ಬಂತು ಅನ್ನೋದನ್ನು ಬೇಗ ಮುಗಿಸ್ತೀನಿ.

ಪುಣೆಗೆ ಜಪಾನು ಬಂದ ದಾರಿ

ಮೊದಲು ಬಂದದ್ದು ಯಂತ್ರ, ಊಟ ಬಂದದ್ದು ಆಮೇಲೆ. 1984ರ ಕೈನೆಟಿಕ್ ಹೋಂಡಾ ಸ್ಕೂಟರು ನಿಮ್ಮಲ್ಲಿ ಎಷ್ಟು ಜನರ ಮನೆಯಲ್ಲಿತ್ತು? ಆ ಕೈನೆಟಿಕ್ ಪುಣೆಯದ್ದು. ಬಜಾಜ್ ಕೂಡ 80ರ ದಶಕದಲ್ಲಿ ಕವಾಸಾಕಿ ಜೊತೆ ಸೇರಿ ಕೆಬಿ-100 ಬೈಕು ತಂದಿತು. ಆಮೇಲೆ ಚಾಕಣ್, ರಾಂಜಣಗಾಂವ್ ಕಡೆ ಒಂದೊಂದೇ ಜಪಾನೀ ಕಂಪನಿ ಬಂತು.

ಇಲ್ಲಿ ನಮ್ಮದೊಂದು ಎಳೆಯೂ ಇದೆ. ಕಿರ್ಲೋಸ್ಕರ್ ಅಂದ್ರೆ ಪುಣೆ ಅಂತ ಇಲ್ಲಿನವರು ಹೇಳ್ತಾರೆ. ಆದರೆ ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. 1888ರಲ್ಲಿ ಅಂಗಡಿ ಶುರು ಮಾಡಿದ್ದು ಬೆಳಗಾವಿಯಲ್ಲಿ, ಸೈಕಲ್ ವ್ಯಾಪಾರದಿಂದ. ಅದೇ ಮನೆತನದ ಜೊತೆ ಸೇರಿ ಟೊಯೋಟಾ 1997ರಲ್ಲಿ ಬಿಡದಿಗೆ ಬಂತು. ಬೆಂಗಳೂರಿನಲ್ಲಿ ಜಪಾನೀ ಹೋಟೆಲುಗಳು ಬೆಳೆಯೋಕೆ ಅದೂ ಒಂದು ಕಾರಣ.

ಪುಣೆಯ ವಿಶೇಷ ಅಂದ್ರೆ ಭಾಷೆ. 1970ರ ದಶಕದಿಂದಲೇ ಇಲ್ಲಿ ಜಪಾನೀ ಕಲಿಸೋ ತರಗತಿಗಳಿವೆ. ಪ್ರತಿ ವರ್ಷ ಜಪಾನೀ ಭಾಷಾ ಪರೀಕ್ಷೆ ಬರೆಯೋಕೆ ಇಲ್ಲಿ ಹುಡುಗರು ಸಾಲುಗಟ್ಟುತ್ತಾರೆ. ನಮ್ಮ ಐಟಿ ಕಂಪನಿಗಳಲ್ಲಿ ಎನ್-2, ಎನ್-3 ಪಾಸಾದೋರಿಗೆ ಇರೋ ಬೆಲೆ ನಿಮಗೇ ಗೊತ್ತು. ಸಿಂಹಗಡ ರಸ್ತೆಯಲ್ಲಿ 2006ರಲ್ಲಿ ತೆರೆದ ಜಪಾನೀ ತೋಟ ಒಕಾಯಾಮಾದ ಕೊರಾಕುಯೆನ್ ತೋಟದ ಮಾದರಿಯದ್ದು. ಅದಕ್ಕೆ ಪು. ಲ. ದೇಶಪಾಂಡೆ ಹೆಸರಿಟ್ಟಿದ್ದಾರೆ. ಪು. ಲ. ಬೆಳಗಾವಿಯಲ್ಲಿ ಕಾಲೇಜು ಮೇಷ್ಟರಾಗಿದ್ದವರು, 'ಪೂರ್ವರಂಗ' ಅನ್ನೋ ಪ್ರವಾಸಕಥನದಲ್ಲಿ ಜಪಾನಿನ ಬಗ್ಗೆ ಬರೆದವರು.

ಆ ಕಡೆಯಿಂದಲೂ ಹೀಗೇ. 1990ರ ದಶಕದ ಕೊನೆಯಲ್ಲಿ ವೈಟುಕೆ ಕೆಲಸಕ್ಕೆ ಅಂತ ನಮ್ಮ ಎಂಜಿನಿಯರುಗಳು ಟೋಕಿಯೋದ ನಿಶಿ-ಕಸಾಯ್ ಪ್ರದೇಶಕ್ಕೆ ಹೋದರು. ಒಂಟಿ ಹುಡುಗರು, ಶಾಕಾಹಾರಿಗಳು, ಏನು ತಿನ್ನಬೇಕು ಗೊತ್ತಿಲ್ಲ. ಅಲ್ಲೇ ಇದ್ದ ಚಹಾ ವ್ಯಾಪಾರಿ ಜಗಮೋಹನ್ ಚಂದ್ರಾಣಿ ಅವರಿಗಾಗಿ ಅನ್ನದ ವ್ಯವಸ್ಥೆ ಮಾಡಿದರು, ಅದು ಹೋಟೆಲಾಗಿ ಬೆಳೆಯಿತು. ಪುಣೆ ವಿಶ್ವವಿದ್ಯಾಲಯದಲ್ಲಿ ಓದಿ ಅಲ್ಲಿಗೆ ಹೋಗಿ ನೆಲೆಸಿದ ಯೋಗೇಂದ್ರ ಪುರಾಣಿಕ್ 2019ರಲ್ಲಿ ಅದೇ ಎದೋಗಾವಾ ವಾರ್ಡಿನ ಸಭೆಗೆ ಚುನಾಯಿತರಾದರು. ಆ ವಾರ್ಡಿನ ಹೆಸರಲ್ಲೇ ಎದೋ ಇದೆ ನೋಡಿ. ಮುನ್ನೂರು ವರ್ಷ ಹಿಂದೆ ಸಮುರಾಯಿಗಳು ಮನೆ ಊಟ ನೆನೆಸಿಕೊಂಡು ಕೂತ ಊರಲ್ಲೇ ನಮ್ಮ ಹುಡುಗರು ಸಾರನ್ನ ನೆನೆಸಿಕೊಂಡು ಕೂತರು.

'ಮದ್ರಾಸ್' ಅಂತ ಹೆಸರಿಟ್ಟ ಉಡುಪಿಯವರು

ಈಗ ಎಫ್‌ಸಿ ರೋಡಿಗೆ ಬನ್ನಿ. ಫರ್ಗ್ಯೂಸನ್ ಕಾಲೇಜು 1885ರದ್ದು. ಧಾರವಾಡ, ಬೆಳಗಾವಿ ಎಲ್ಲ ಮುಂಬೈ ಪ್ರಾಂತ್ಯದಲ್ಲಿದ್ದ ಕಾಲದಲ್ಲಿ ನಮ್ಮವರು ಓದೋಕೆ ಇಲ್ಲಿಗೇ ಬರ್ತಿದ್ದರು. ಬೇಂದ್ರೆಯವರು 1910ರ ದಶಕದಲ್ಲಿ ಇಲ್ಲಿಯೇ ಬಿ.ಎ. ಓದಿದ್ದು. ಆ ರಸ್ತೆಯ ಮೂಲೆಯಲ್ಲಿ 1935ರಿಂದ ಇರಾನಿಗಳ ಕೆಫೆ ಗುಡ್‌ಲಕ್. ಬನ್ ಮಸ್ಕಾ, ಚಹಾ. ಇರಾನಿಗಳು ಎಷ್ಟು ದೂರದಿಂದ ಬಂದವರು, ಆದರೆ ಬನ್ ಮಸ್ಕಾ ಇವತ್ತು ಪುಣೆಕರರದ್ದೇ ತಿಂಡಿ.

ಸ್ವಲ್ಪ ಮುಂದೆ ಹೋದರೆ ರೂಪಾಲಿ, ವೈಶಾಲಿ. ಎರಡನ್ನೂ ಬೆಳೆಸಿದ ಜಗನ್ನಾಥ ಶೆಟ್ಟರು ಕಾರ್ಕಳ ಕಡೆಯ ಬೈಲೂರಿನವರು. ಹುಡುಗನಾಗಿದ್ದಾಗಲೇ ಊರು ಬಿಟ್ಟು ಕಲ್ಯಾಣದಲ್ಲಿ ಸಂಬಂಧಿಕರ ಹೋಟೆಲಿಗೆ ಸೇರಿ, ಅಲ್ಲಿಂದ ಪುಣೆಗೆ ಬಂದವರು. 2023ರ ನವೆಂಬರಿನಲ್ಲಿ, ತೊಂಬತ್ತು ದಾಟಿದ ಮೇಲೆ ತೀರಿಕೊಂಡರು. ಆವತ್ತು ಮರಾಠಿ ಪತ್ರಿಕೆಗಳು ತಮ್ಮ ಮನೆಯ ಹಿರಿಯರು ಹೋದಂತೆ ಬರೆದವು.

ಈ ಎರಡು ಹೋಟೆಲುಗಳ ಮೊದಲ ಹೆಸರು ಏನಿತ್ತು ಗೊತ್ತಾ? ರೂಪಾಲಿಗೆ ಕೆಫೆ ಮದ್ರಾಸ್, ವೈಶಾಲಿಗೆ ಮದ್ರಾಸ್ ಹೆಲ್ತ್ ಹೋಮ್. ತುಳು ಮಾತಾಡೋ ಶೆಟ್ಟರ ಹೋಟೆಲಿಗೆ ಮದ್ರಾಸ್ ಯಾಕೆ? ಒಂದು, 1956ರ ನವೆಂಬರ್ 1ರ ತನಕ ದಕ್ಷಿಣ ಕನ್ನಡ ಜಿಲ್ಲೆ ಮದ್ರಾಸಿಗೇ ಸೇರಿತ್ತು, ಹಾಗಾಗಿ ಅದು ಸುಳ್ಳೂ ಅಲ್ಲ. ಎರಡನೆಯದು, ನನ್ನ ಊಹೆ, ಪುಣೆಯ ಗಿರಾಕಿಗೆ ಬೈಲೂರು ಅಂದ್ರೆ ಏನೂ ಗೊತ್ತಾಗಲ್ಲ, ಮದ್ರಾಸ್ ಅಂದ್ರೆ ಇಡ್ಲಿ ದೋಸೆ ಅಂತ ಥಟ್ಟನೆ ಗೊತ್ತಾಗುತ್ತೆ. ಗಿರಾಕಿಗೆ ಗೊತ್ತಿರೋ ಹೆಸರನ್ನು ಬೋರ್ಡಿನ ಮೇಲೆ ಬರೆಯೋದು ವ್ಯಾಪಾರದ ಮೊದಲ ಪಾಠ. ಇವತ್ತು ಏರಿಯಾದ ಜಪಾನೀ ಹೋಟೆಲಿನ ಬೋರ್ಡಿನಲ್ಲೂ 'ಪ್ಯಾನ್ ಏಷ್ಯನ್' ಅಂತ ಸೇರಿಸ್ತಾರಲ್ಲ, ಮೆನುವಿನಲ್ಲಿ ಮೋಮೋ, ಥಾಯ್ ಕರಿ ಇರುತ್ತಲ್ಲ, ಲೆಕ್ಕ ಅದೇ.

ಆಮೇಲೆ ವೈಶಾಲಿ ಅಂತ ಹೆಸರು ಬಂತು. ಮರಾಠಿ ಕಿವಿಗೂ ಹಿತ, ಕನ್ನಡ ಕಿವಿಗೂ ಹಿತ. ಅಲ್ಲಿನ ಅತ್ಯಂತ ಪ್ರಸಿದ್ಧ ತಿಂಡಿ ಯಾವುದು? ಎಸ್‌ಪಿಡಿಪಿ, ಅಂದ್ರೆ ಸೇವ್ ಪೊಟೇಟೋ ದಹಿ ಪುರಿ. ಇದರಲ್ಲಿ ಉಡುಪಿ ಎಲ್ಲಿದೆ, ಹುಡುಕಿ ನೋಡೋಣ! ಆದರೆ ಹೋಟೆಲು ನಿಂತದ್ದು ಹಾಗೇ. ಮೊದಲ ಗಿರಾಕಿ ಊರು ಬಿಟ್ಟು ಬಂದ ದಕ್ಷಿಣದವನಾದರೂ, ಹೋಟೆಲನ್ನು ಎಪ್ಪತ್ತು ವರ್ಷ ನಡೆಸಿದ್ದು ಫರ್ಗ್ಯೂಸನ್ನಿನ ಮರಾಠಿ ಹುಡುಗ ಹುಡುಗಿಯರು. ಒಂದು ಕಾಫಿಗೆ ಎರಡು ಗಂಟೆ ಕೂತವರು. ಅಲ್ಲೇ ಪ್ರೀತಿಸಿ, ಮುಂದೆ ಮೊಮ್ಮಕ್ಕಳನ್ನು ಕರ್ಕೊಂಡು ಬಂದವರು. ಏರಿಯಾದ ಜಪಾನೀ ಹೋಟೆಲು ಕೂಡ ಚಾಕಣ್‌ನ ನಾಲ್ಕು ಜನರನ್ನು ನಂಬಿ ನಿಲ್ಲೋಕಾಗಲ್ಲ, ಅವರಿಗೆ ಮೂರು ವರ್ಷಕ್ಕೆ ವರ್ಗ ಆಗುತ್ತೆ. ಅದು ನಿಲ್ಲೋದಾದ್ರೆ ಆ ಕಾರ್ಟೂನ್ ಹುಚ್ಚಿನ ಹುಡುಗಿಯರಿಂದ, ಚಮಚ ಕೇಳಿದ ಅಜ್ಜನಿಂದ.

ಹಾಗಾದ್ರೆ ಏನು ಉಳೀತು?

ಮೊದಲ ಪ್ರಶ್ನೆಗೆ ಬರ್ತೀನಿ. ರುಚಿ ಬದಲಾಯ್ತು, ಆದರೆ ಉಳೀತು. ಪುಣೆಯ ಯಾವ ಪೇಟೆಗೆ ಹೋದರೂ ದೋಸೆ ಸಿಗುತ್ತೆ. ಹೆಸರು ಅರ್ಧ ಉಳೀತು. ಇವತ್ತು 'ಉಡುಪಿ' ಅಂತ ಬೋರ್ಡು ಇದ್ದರೆ ಯಜಮಾನ ಉಡುಪಿಯವನೇ ಅಂತ ಹೇಳೋಕಾಗಲ್ಲ, ಅದು ಒಂದು ಥರದ ಹೋಟೆಲಿಗೆ ಹೆಸರಾಗಿಬಿಟ್ಟಿದೆ. ಭಾಷೆ? ಒಂದು ಕಾಲಕ್ಕೆ ಗಲ್ಲಾದಿಂದ ಅಡುಗೆಮನೆಗೆ ತುಳು, ಕನ್ನಡದಲ್ಲೇ ಕೂಗು ಹೋಗ್ತಿತ್ತು. ಮುಂಬೈಯಲ್ಲಿ ಹೋಟೆಲ್ ಹುಡುಗರಿಗೆ ಅಂತಲೇ ಕನ್ನಡ ರಾತ್ರಿಶಾಲೆಗಳಿದ್ದವು. ಹಗಲೆಲ್ಲ ಟೇಬಲ್ ಒರೆಸಿದ ಹುಡುಗ ರಾತ್ರಿ ಮೆಟ್ರಿಕ್ ಓದ್ತಿದ್ದ. ಪುಣೆಯಲ್ಲೂ ಕನ್ನಡ ಸಂಘ ಶಾಲೆ ಕಟ್ಟಿತು, ಡಾ. ಕಲ್ಮಾಡಿ ಶಾಮರಾವ್ ಹೆಸರಿನ ಶಾಲೆ ಇವತ್ತಿಗೂ ಇದೆ. ಆದರೆ ಎಷ್ಟೋ ಹೋಟೆಲ್ ಮನೆತನಗಳ ಮೂರನೇ ತಲೆಮಾರಿಗೆ ಮರಾಠಿ, ಇಂಗ್ಲಿಷ್ ಸಲೀಸು, ಕನ್ನಡ ಅಜ್ಜಿ ಜೊತೆ ಮಾತ್ರ. ಅಡುಗೆಮನೆಯಲ್ಲಿ ಈಗ ಬೇರೆ ಭಾಷೆಗಳು.

ಎಲ್ಲಕ್ಕಿಂತ ಮೊದಲು ಅಳಿಸಿಹೋಗೋದು ಒಳಗೆ ದುಡಿದವರ ಹೆಸರು. ಬೋಸರ ಹೆಸರು ಉಳಿಯೋಕೆ ಒಂದು ಕಾರಣ, ಅವರು ಬಾಂಬಿನ ಕೇಸಿನಲ್ಲಿ ಹೆಸರಾದವರು, ದೊಡ್ಡ ಮನೆಯ ಅಳಿಯ. ಶೆಟ್ಟರ ಹೆಸರು ಉಳಿದದ್ದು ಅವರು ಯಜಮಾನರಾದ್ದರಿಂದ. ಅವರ ಜೊತೆ ಅದೇ ಬಸ್ಸು ಹತ್ತಿ ಬಂದು, ಕ್ಲೀನರ್ ಆಗಿ ಸೇರಿ, ಮಾಣಿಯಾಗಿ, ಹಿಟ್ಟು ರುಬ್ಬುತ್ತಾ, ಹೋಟೆಲಿನ ಅಟ್ಟದ ಮೇಲೆ ಮಲಗಿ, ಊರಿಗೆ ಮನಿಯಾರ್ಡರ್ ಕಳಿಸಿದ ಸಾವಿರಾರು ಹುಡುಗರು ಎಲ್ಲಿ? ರಾಯ್‌ರಾಯ್‌ಕೆನ್‌ನ ಚೀನೀ ಅಡುಗೆಯವರ ಹೆಸರೂ ಯಾರ ನಾಲಿಗೆಯಲ್ಲೂ ಇಲ್ಲ. ನಮ್ಮ ಏರಿಯಾದಲ್ಲಿ ಸುಶಿ ಸುತ್ತೋ ಮಣಿಪುರದ ಹುಡುಗನನ್ನೂ ಗಿರಾಕಿಗಳು 'ಚೈನೀಸ್ ಭೈಯಾ' ಅಂತ ಕರೆಯೋದು ನಾನೇ ಕೇಳಿದ್ದೀನಿ. ನಮ್ಮವರನ್ನು ಇದೇ ಊರಲ್ಲಿ 'ಮದ್ರಾಸಿ' ಅಂತ ಕರೀತಿದ್ದರಲ್ಲ, ಅದರ ಮುಂದಿನ ಅಧ್ಯಾಯ ಇದು. ನಮಗೆ ಆಗ ನೋವಾಗಿದ್ದರೆ ಈಗ ಆ ಹುಡುಗನ ಊರು ಕೇಳಬಹುದು. ಅವನದು ಚುರಾಚಾಂದ್‌ಪುರ, ನನಗೆ ಕೇಳಿದ ಮೇಲೇ ಗೊತ್ತಾಗಿದ್ದು.

ಒಂದು ಕೆಲಸ ಹೇಳ್ತೀನಿ. ಕರಾವಳಿಯ, ಉತ್ತರ ಕರ್ನಾಟಕದ ಎಷ್ಟೋ ಮನೆಗಳಲ್ಲಿ ಮುಂಬೈಗೋ ಪುಣೆಗೋ ಹೋಟೆಲ್ ಕೆಲಸಕ್ಕೆ ಹೋಗಿ ಬಂದ ಮಾವ, ದೊಡ್ಡಪ್ಪ, ಅಜ್ಜ ಇದ್ದಾರೆ. ಎಪ್ಪತ್ತು ಎಂಬತ್ತು ದಾಟಿದೆ ಅವರಿಗೆ. ಅವರ ಕಥೆ ಯಾವ ಪುಸ್ತಕದಲ್ಲೂ ಇಲ್ಲ. ಈ ಸಲ ಊರಿಗೆ ಹೋದಾಗ ಫೋನಿನ ರೆಕಾರ್ಡರ್ ಆನ್ ಮಾಡಿ ಪಕ್ಕದಲ್ಲಿ ಕೂರಿ. ಯಾವ ಹೋಟೆಲು, ಮೊದಲ ಸಂಬಳ ಎಷ್ಟು, ಎಲ್ಲಿ ಮಲಗ್ತಿದ್ದಿರಿ, ಯಾರು ಕೆಲಸ ಕಲಿಸಿದರು, ಮೊದಲ ವಾರ ಅತ್ತಿದ್ದಿರಾ, ಇಷ್ಟು ಕೇಳಿ ಸಾಕು. ಉಳಿದದ್ದು ಅವರೇ ಹೇಳ್ತಾರೆ. ಅದನ್ನು ನನಗೂ ಕಳಿಸಿದ್ರೆ, ಅವರ ಒಪ್ಪಿಗೆ ಇದ್ದರೆ, ಹೆಸರು ಊರಿನ ಸಮೇತ ಮುಂದಿನ ಕಂತುಗಳಲ್ಲಿ ಓದ್ತೀನಿ.

ಸಿಗೋಣ.